ಬೋರ್ಡಕ್ಕ ನಡೆದು ಬರೆದ ಜಿಲ್ಲೆ

ಆ ಜಿಲ್ಲೆಯ ನಟ್ಟನಡುವೆ ಹೆದ್ದಾರಿ ಹಾದುಹೋಗುತ್ತದೆ. ಆದರೆ ಹೆದ್ದಾರಿಯಲ್ಲಿ ಹೋಗುವವರು ಅಲ್ಲಿ ಉಳಿಯುತ್ತಿರಲಿಲ್ಲ. ದೂರದ ಬಸ್ಸುಗಳು ಜಿಲ್ಲಾಕೇಂದ್ರದ ನಿಲ್ದಾಣದಲ್ಲಿ ಹತ್ತೇ ನಿಮಿಷ ನಿಲ್ಲುತ್ತಿದ್ದವು. ಪ್ರಯಾಣಿಕರು ಇಳಿದು ಒಂದು ಲೋಟ ಚಹಾ ಕುಡಿದು, ಜೋಮು ಹಿಡಿದ ಕಾಲು ಝಾಡಿಸಿಕೊಂಡು, ಕಂಡಕ್ಟರು ಸೀಟಿ ಊದುವ ಮೊದಲೇ ಮತ್ತೆ ಹತ್ತಿ ಕೂರುತ್ತಿದ್ದರು. ಆ ಹತ್ತು ನಿಮಿಷದಲ್ಲಿ ಅವರ ಕಣ್ಣಿಗೆ ಬೀಳುತ್ತಿದ್ದ ಅಕ್ಷರಗಳೆಲ್ಲ, ಅಂದರೆ ಚಹಾದಂಗಡಿಯ ಹೆಸರು, ಎದುರಿನ ಕ್ಷೌರದಂಗಡಿಯ ಹೆಸರು, ಹಲ್ಲಿನ ಡಾಕ್ಟರ ಬಾಣದ ಗುರುತು, ಗೋಡೆಯ ಮೇಲಿನ 'ಇಲ್ಲಿ ಉಗುಳಬಾರದು', ಎಲ್ಲವೂ ಒಬ್ಬಳೇ ಹೆಂಗಸಿನ ಕೈಯಿಂದ ಬಂದವು. ಊರೆಲ್ಲ ಅವಳನ್ನು ಬೋರ್ಡಕ್ಕ ಎಂದು ಕರೆಯುತ್ತಿತ್ತು. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರೂ ಹಾಗೇ ಕರೆಯುತ್ತಿದ್ದರು. ಅವಳ ನಿಜವಾದ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಇತ್ತು.

ಕಸುಬು ಅಪ್ಪನಿಂದ ಬಂದದ್ದು. ಅವಳಿಗೆ ಹದಿನೇಳು ತುಂಬಿದ ವರ್ಷ ಬಸ್ ನಿಲ್ದಾಣಕ್ಕೆ ಹೊಸ ಕಟ್ಟಡವಾಯಿತು. ಅದರ ನೆತ್ತಿಯ ಮೇಲೆ ಊರಿನ ಹೆಸರು ಬರೆಯುವ ಕೆಲಸ ಅಪ್ಪನಿಗೆ ಬಂತು. ಅಕ್ಷರವೊಂದಕ್ಕೆ ಮೊಳ ಎತ್ತರ. ಅಪ್ಪ ಏಣಿ ಹತ್ತಿ, ಸುಣ್ಣದ ದಾರ ಬಡಿದು ಗೆರೆ ಹಾಕಿ, ಅರ್ಧ ಹೆಸರು ಬರೆದ. ಆಮೇಲೆ ಕೈ ನಿಲ್ಲಿಸಿದ. ಕೆಳಗೆ ಏಣಿ ಹಿಡಿದುಕೊಂಡಿದ್ದ ಮಗಳಿಗೆ ಅಪ್ಪನ ಬ್ರಷ್ಷಿನ ತುದಿ ನಡುಗುವುದು ಕಂಡಿತು. ಕೆಲವು ತಿಂಗಳಿಂದ ಅವನು ಲೋಟವನ್ನು ಎರಡು ಕೈಯಲ್ಲಿ ಹಿಡಿಯುತ್ತಿದ್ದುದು ಏಕೆಂದು ಆಗ ಅವಳಿಗೆ ಅರ್ಥವಾಯಿತು. ಅಪ್ಪ ಸದ್ದಿಲ್ಲದೆ ಕೆಳಗಿಳಿದ. "ಚಹಾ ಕುಡಿದು ಬರ್ತೀನಿ" ಎಂದು ಹೋದವನು ಒಂದು ಗಂಟೆಯಾದರೂ ಬರಲಿಲ್ಲ. ಡಬ್ಬಿಯಲ್ಲಿ ಬಣ್ಣ ಕೆನೆಗಟ್ಟತೊಡಗಿತು. ಅವಳು ಲಂಗದ ಅಂಚು ಸೊಂಟಕ್ಕೆ ಸಿಕ್ಕಿಸಿಕೊಂಡು ಏಣಿ ಹತ್ತಿ, ಉಳಿದರ್ಧವನ್ನು ಬರೆದು ಮುಗಿಸಿದಳು.

ಅಪ್ಪ ಬಂದು ಕೆಳಗಿನಿಂದಲೇ ನೋಡಿದ. ಎದುರಿನ ಕ್ಷೌರದವನು ಕತ್ತರಿ ಹಿಡಿದುಕೊಂಡೇ ಬಾಗಿಲಿಗೆ ಬಂದು, "ಅಣ್ಣಾ, ನಿನ್ನ ಮಗಳ ಅಕ್ಷರಕ್ಕೆ ಹೊಟ್ಟೆ ಸ್ವಲ್ಪ ದಪ್ಪ ಆಯ್ತು ನೋಡು" ಎಂದ.

"ಅವಳದು ಸರಿಯಾಗೇ ಇದೆ. ಇಷ್ಟು ವರ್ಷ ನಂದೇ ಬಡಕಲಾಗಿತ್ತು" ಎಂದ ಅಪ್ಪ.

ಆಮೇಲೆ ಅವನು ಬದುಕಿದ್ದ ಒಂಬತ್ತು ವರ್ಷವೂ ಬ್ರಷ್ ಮುಟ್ಟಲಿಲ್ಲ. ಮುರುಕು ಕುರ್ಚಿಯಲ್ಲಿ ಕೂತು ಬಾಯಲ್ಲೇ ಪಾಠ ಹೇಳಿದ. ತಗಡಿಗೆ ಮೊದಲು ಉಪ್ಪುಕಾಗದ ತಿಕ್ಕು, ಆಮೇಲೆ ತಳಬಣ್ಣವಾಗಿ ಕೆಂಪು ಪ್ರೈಮರು. ಅವಸರ ಮಾಡಿದರೆ ಮೊದಲ ಮಳೆಗೇ ಬಣ್ಣ ಎದ್ದು ಬರುತ್ತದೆ. ಗೆರೆ ಹಾಕದೆ ಬರೆಯುವವನು ಪೇಂಟರಲ್ಲ, ಪುಂಡ. ಅವನು ಪದೇ ಪದೇ ಹೇಳುತ್ತಿದ್ದ ಮಾತು ಇನ್ನೊಂದಿತ್ತು: "ಅಂಗಡಿಯವನ ಹೆಸರು ತಪ್ಪು ಬರೆದ್ರೆ ಅವನು ಬಂದು ಬೈತಾನೆ, ಅಲ್ಲಿಗೆ ಮುಗೀತು. ದಾರಿ ತಪ್ಪು ಬರೆದ್ರೆ ಬೈಯೋಕೆ ಯಾರೂ ವಾಪಸ್ ಬರಲ್ಲ ಮಗಳೇ. ಅವರು ಎಲ್ಲಿಗೆ ಹೋದ್ರೋ ನಿನಗೆ ಗೊತ್ತೂ ಆಗಲ್ಲ."

ಅವಳು ಮದುವೆಯಾದದ್ದು ಪಂಪು ರಿಪೇರಿಯವನನ್ನು. ಹೊಲದ ಪಂಪು, ಬಾವಿಯ ಪಂಪು, ಆಸ್ಪತ್ರೆಯ ಪಂಪು, ಯಾವುದು ಕೆಟ್ಟರೂ ಮೊಪೆಡ್ಡಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಹೊರಡುವ ಮನುಷ್ಯ, ಮಾತು ಕಮ್ಮಿ. ಮನೆಯ ಮಾತಿನ ಪಾಲನ್ನೆಲ್ಲ ಅವನ ತಾಯಿಯೇ ಆಡಿ ಮುಗಿಸುತ್ತಿದ್ದಳು. ಆಕೆ ಜಿಲ್ಲೆಯ ಪಡುವಣ ಅಂಚಿನ ದೊಡ್ಡ ಬೆಟ್ಟದ ಮೇಲೆ, ಕುರಿ ಮೇಯಿಸುವ ಜನರ ನಡುವೆ ಹುಟ್ಟಿ ಬೆಳೆದವಳು. "ಏಣಿ ಹತ್ತೋ ಸೊಸೆ ಬೇಡ ಅಂತ ಬಡ್ಕೊಂಡೆ, ಯಾರು ಕೇಳ್ತಾರೆ" ಎಂದು ಮದುವೆಯ ಮೊದಲ ತಿಂಗಳು ಬೀದಿಗೆಲ್ಲ ಕೇಳುವಂತೆ ಗೊಣಗಿದಳು. ಎರಡನೆಯ ತಿಂಗಳು, ಸೊಸೆ ಸಿನಿಮಾ ಮಂದಿರದ ಗೋಡೆಗೆ ಒಬ್ಬಳೇ ಏಣಿ ಒರಗಿಸುವುದನ್ನು ನೋಡಿ, ಬುಟ್ಟಿ ಕೆಳಗಿಟ್ಟು ಬಂದು ಏಣಿಯ ಕಾಲು ಹಿಡಿದುಕೊಂಡಳು. ಆಮೇಲೆ ಇಪ್ಪತ್ತೆರಡು ವರ್ಷ ಅತ್ತೆಯೇ ಏಣಿ ಹಿಡಿದಳು. ಹಿಡಿದುಕೊಂಡೇ ಮೇಲಿನವಳಿಗೆ ಊರ ಸುದ್ದಿಯನ್ನೆಲ್ಲ ಕೂಗಿ ಹೇಳುತ್ತಿದ್ದಳು.

ಬೋರ್ಡಕ್ಕನಿಗೆ ನಲವತ್ತಾರು ದಾಟಿದ ವರ್ಷ ಹೊಸ ಜಿಲ್ಲಾಧಿಕಾರಿ ಬಂದರು. ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಎಲ್ಲರೂ ಮೇಡಂ ಎನ್ನುತ್ತಿದ್ದರು. ಮೇಡಂ ಒಂದು ವಾರ ಬೆಳಿಗ್ಗೆ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ನಿಂತು ಬಸ್ಸುಗಳನ್ನು ನೋಡಿದರಂತೆ. ಇಷ್ಟೊಂದು ಜನ ಹಾದುಹೋಗುವ ಜಾಗದಲ್ಲಿ ಒಬ್ಬರೂ ಉಳಿಯುವುದಿಲ್ಲವಲ್ಲ ಎಂದು ಅವರಿಗೆ ಅನ್ನಿಸಿತು. ಜಿಲ್ಲೆಯಲ್ಲಿ ಬೆಟ್ಟವಿದೆ, ಜಲಪಾತವಿದೆ, ಕಣ್ಣು ಹಾಯುವಷ್ಟು ದೂರ ನೀರು ನಿಂತ ಜಲಾಶಯವಿದೆ. ಇದೆ ಎಂದು ಹೇಳುವವರು ಮಾತ್ರ ಯಾರೂ ಇಲ್ಲ. ಸರಿ, ಜಿಲ್ಲೆಯ ಕತೆ ಹೇಳುವ ಒಂದು ಕೈಪುಸ್ತಕ, ನೋಡುವ ಜಾಗಗಳಿಗೆಲ್ಲ ದಾರಿ ತೋರಿಸುವ ಮೂವತ್ತೆರಡು ಬೋರ್ಡು ಎಂದು ಆದೇಶವಾಯಿತು.

ಬೋರ್ಡಿನ ಪಟ್ಟಿ ಹಿಡಿದುಕೊಂಡು ಬಂದವನು ಕಚೇರಿಯ ಹಿರಿಯ ಗುಮಾಸ್ತ. ಬಿಸಿಲಿರಲಿ ಮಳೆಯಿರಲಿ ಕಂಕುಳಲ್ಲಿ ಕೊಡೆ ಇಟ್ಟುಕೊಳ್ಳುವವನು. ಫೈಲಿನಲ್ಲಿ ಇಲ್ಲದ್ದು ಲೋಕದಲ್ಲೇ ಇಲ್ಲ ಎಂದು ನಂಬಿದವನು. ಬೋರ್ಡಕ್ಕ ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ, ಬಣ್ಣದ ಡಬ್ಬಿಗಳ ನಡುವೆ ಸ್ಟೂಲಿನ ಮೇಲೆ ಕೂತು ಪಟ್ಟಿ ಓದಿದಳು. ಮೊದಲ ಸಾಲಿಗೇ ತಡೆದಳು.

"ಜಲಪಾತಕ್ಕೆ ಹೆದ್ದಾರಿಯಿಂದ ಮೂರು ಕಿಲೋಮೀಟರ್ ಅಂತ ಬರೆದಿದೀರಲ್ಲ ಸಾರ್, ಯಾರು ಅಳೆದದ್ದು?"

"ಫೈಲಲ್ಲಿದೆ."

"ಫೈಲು ನಡ್ಕೊಂಡು ಹೋಗಿತ್ತಾ?"

ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದ ಅತ್ತೆ ಕಿಸಕ್ಕನೆ ನಕ್ಕಳು. ಗುಮಾಸ್ತ ಮುಖ ಹುಳ್ಳಗೆ ಮಾಡಿಕೊಂಡು, "ನೋಡಿ ಬೋರ್ಡಕ್ಕ, ನೀವು ಬರೆಯೋರು. ಕೊಟ್ಟಿದ್ದು ಬರೀರಿ. ಮೂವತ್ತು ವರ್ಷದಿಂದ ಇದೇ ಪಟ್ಟಿ ಇದೆ, ಯಾರೂ ತಕರಾರು ಮಾಡಿಲ್ಲ" ಎಂದ.

"ಯಾರೂ ಹೋಗಿಲ್ಲ, ಅದಕ್ಕೆ ಮಾಡಿಲ್ಲ" ಎಂದಳು ಬೋರ್ಡಕ್ಕ. ಪಟ್ಟಿಯನ್ನು ಮಡಚಿ ಸೆರಗಿನ ತುದಿಗೆ ಕಟ್ಟಿಕೊಂಡಳು. "ಮೂರು ತಿಂಗಳು ಕೊಡಿ. ಒಂದೊಂದು ಜಾಗಕ್ಕೂ ಹೋಗ್ತೀನಿ, ನೋಡ್ತೀನಿ, ಆಮೇಲೆ ಬರೀತೀನಿ. ನಾನು ನೋಡದ ಜಾಗದ ದಾರಿ ನಾನು ಬರೆಯಲ್ಲ. ಬೇರೆ ಯಾರ ಹತ್ರ ಬೇಕಾದ್ರೂ ಬರೆಸ್ಕೊಳ್ಳಿ."

ಬೇರೆ ಯಾರೂ ಇರಲಿಲ್ಲ. ಗುಮಾಸ್ತ ಕೊಡೆ ಎತ್ತಿಕೊಂಡು ಹೋದ.

ಅಳೆಯುವುದಕ್ಕೆ ಗಂಡ ಒಂದು ಗಾಲಿ ಮಾಡಿಕೊಟ್ಟ. ಹಳೆಯ ಸೈಕಲ್ಲಿನ ಮುಂದಿನ ಚಕ್ರ, ಅದಕ್ಕೊಂದು ಉದ್ದ ಹಿಡಿ, ಪಕ್ಕದಲ್ಲಿ ಕೆಟ್ಟುಹೋದ ನೀರಿನ ಮೀಟರಿನಿಂದ ಕಿತ್ತ ಅಂಕಿಯ ಪೆಟ್ಟಿಗೆ. ಚಕ್ರ ಒಂದು ಸುತ್ತು ಹಾಕಿದಾಗಲೆಲ್ಲ ಟಕ್ ಎಂದು ಒಂದು ಅಂಕಿ ಮುಂದಕ್ಕೆ ಹೋಗುತ್ತಿತ್ತು. ಅದನ್ನು ತಳ್ಳಿಕೊಂಡು ಬೋರ್ಡಕ್ಕ ಜಲಪಾತದ ದಾರಿಯಲ್ಲಿ ನಡೆದಳು. ಐದೂಮುಕ್ಕಾಲು ಕಿಲೋಮೀಟರ್. ಕೊನೆಯ ಅರ್ಧ ಮೈಲಿ ಬಂಡೆಗಳ ಮೇಲೆ. ನೀರು ಕಾಣುವ ಮೊದಲು ಅದರ ಸದ್ದು ಕೇಳಿತು, ಅದರ ಹಿಂದೆಯೇ ಮುಖಕ್ಕೆ ತಣ್ಣನೆಯ ತುಂತುರು ಬಡಿಯಿತು. ಹುಟ್ಟಿದ ಜಿಲ್ಲೆಯ ಜಲಪಾತವನ್ನು ಅವಳು ನೋಡಿದ್ದು ಅದೇ ಮೊದಲು. ಬಂಡೆಯ ಮೇಲೆ ಕೂತು ಬುತ್ತಿ ಬಿಚ್ಚಿದವಳು ಊಟ ಮರೆತು ಅರ್ಧ ಗಂಟೆ ನೋಡಿದಳು. ಆಮೇಲೆ ಚೀಟಿಯಲ್ಲಿ ಬರೆದುಕೊಂಡಳು: ಐದೂಮುಕ್ಕಾಲು. ಹೋಗಲು ಒಂದೂವರೆ ಗಂಟೆ. ಗಟ್ಟಿ ಚಪ್ಪಲಿ ಬೇಕು.

ಹಾಗೆ ಶುರುವಾಯಿತು. ದೂರದ ಊರಿನಲ್ಲಿ ಪಂಪು ಕೆಟ್ಟಿತೆಂದರೆ ಗಂಡನ ಮೊಪೆಡ್ಡಿನ ಹಿಂದೆ ಗಾಲಿ ಕಟ್ಟಿಕೊಂಡು ಇವಳೂ ಹೊರಡುತ್ತಿದ್ದಳು. ಅವನು ಪಂಪು ಬಿಚ್ಚುವಷ್ಟರಲ್ಲಿ ಇವಳು ಜಾಗ ಅಳೆದು ಬರುತ್ತಿದ್ದಳು. ಬಡಗಣ ದಿಕ್ಕಿನ ಕಲ್ಲುಗಣಿಗಳ ಕಡೆ ಹೋದಾಗ ಪಟ್ಟಿಯಲ್ಲಿ 'ಪ್ರಾಚೀನ ಸರೋವರ' ಎಂದಿತ್ತು. ಅಲ್ಲಿ ಕಲ್ಲು ಒಡೆಯುತ್ತ ಕೂತಿದ್ದ ಹೆಂಗಸರನ್ನು ಕೇಳಿದಳು. ಅವರು ಮುಖ ಮುಖ ನೋಡಿಕೊಂಡು ಹೊಟ್ಟೆ ಹುಣ್ಣಾಗುವಂತೆ ನಕ್ಕರು.

"ಪ್ರಾಚೀನ ಅಂತೆ! ಅದು ನಮ್ಮ ತಾತ ಅಗೆದ ಹೊಂಡ ಕಣಕ್ಕಾ. ರೈಲು ಸೇತುವೆಗೆ ಕಲ್ಲು ಬೇಕು ಅಂತ ಎಲ್ಲಿಂದಲೋ ಕರ್ಕೊಂಡು ಬಂದ್ರಂತೆ. ಸೇತುವೆ ಮುಗೀತು, ರೈಲು ಹೋಯ್ತು, ನಾವು ಇಲ್ಲೇ ಉಳ್ಕೊಂಡ್ವಿ. ಹೊಂಡದಲ್ಲಿ ಮಳೆ ನೀರು ತುಂಬ್ಕೊಂಡ್ತು, ಅಷ್ಟೇ."

ಆದರೆ ಆ ಹೊಂಡದ ಅಂಚಿಗೆ ಅವರು ಕರೆದುಕೊಂಡು ಹೋದಾಗ ಬೋರ್ಡಕ್ಕ ಬಗ್ಗಿ ನೋಡಿದಳು. ನಾಲ್ಕೂ ಕಡೆ ಗೋಡೆ ಕೆತ್ತಿದ ಹಾಗೆ ನೆಟ್ಟಗೆ ಇಳಿದ ಕಲ್ಲು. ತಳದಲ್ಲಿ ಅವಳ ಯಾವ ಡಬ್ಬಿಯಲ್ಲೂ ಇಲ್ಲದ ನೀಲಿ. ಆ ಬೋರ್ಡಿಗೆ ಅವಳು ಹೀಗೆ ಬರೆದಳು: 'ಕಲ್ಲುಕುಟಿಗರ ಹೊಂಡ. ಇವರ ತಾತಂದಿರು ಕೈಯಲ್ಲಿ ಅಗೆದದ್ದು. ಎಪ್ಪತ್ತು ಅಡಿ ಆಳ. ಈಜಬೇಡಿ, ಅಂಚಿನ ಕಟ್ಟೆಯ ಮೇಲೆ ಕೂತು ನೋಡಿ.' ಕಟ್ಟೆ ಇರಲಿಲ್ಲ. ಬೋರ್ಡು ಓದಿದ ಮೇಲೆ ಕಲ್ಲಿನವರೇ ಎರಡು ದಿನದಲ್ಲಿ ಕಟ್ಟೆ ಕಟ್ಟಿದರು.

ತೆಂಕಣ ದಿಕ್ಕಿನ ಜಲಾಶಯಕ್ಕೆ ಹೋದ ದಿನ ಮಾತ್ರ ಅವಳು ನಗುತ್ತ ವಾಪಸಾಗಲಿಲ್ಲ. ನೀರಿನ ದಂಡೆಯಲ್ಲಿ ಸಾಲು ಮನೆಗಳ ಒಂದು ಕಾಲೊನಿಯಿತ್ತು. ಅಣೆಕಟ್ಟು ಕಟ್ಟಿದಾಗ ಎಬ್ಬಿಸಿದ ಜನ. ಅಲ್ಲಿನ ದೋಣಿಯವನು ಎಪ್ಪತ್ತರ ಮುದುಕ. ಅವಳನ್ನೂ ಗಾಲಿಯನ್ನೂ ಕೂರಿಸಿಕೊಂಡು ಆಚೆ ದಡ ತೋರಿಸಲು ಹೊರಟ. ನಡುನೀರಿನಲ್ಲಿ ಬೋರ್ಡಕ್ಕ ಪಟ್ಟಿ ಬಿಚ್ಚಿ, ಅಲ್ಲಿ ಬರೆದಿದ್ದನ್ನು ಗಟ್ಟಿಯಾಗಿ ಓದಿದಳು: 'ಜನವಸತಿ ಇಲ್ಲದ ಕಣಿವೆಯಲ್ಲಿ ನಿರ್ಮಿಸಲಾದ ಸುಂದರ ಜಲಾಶಯ.'

ದೋಣಿಯವನು ಹುಟ್ಟು ಹಾಕುವುದನ್ನು ನಿಲ್ಲಿಸಿದ. "ಜನವಸತಿ ಇಲ್ಲದ ಕಣಿವೇಲಿ ನಾನು ಹೇಗೆ ಹುಟ್ಟಿದೆ ತಾಯಿ?" ಎಂದ. ಅವನ ಮಾತಿನಲ್ಲಿ ಸಿಟ್ಟು ಇರಲಿಲ್ಲ. ನಿಜವಾಗಿ ಉತ್ತರ ಬೇಕು ಅನ್ನುವಂತೆ ಕೇಳಿದ. ಹುಟ್ಟಿನ ತುದಿಯನ್ನು ನೀರಿನೊಳಕ್ಕೆ ನೆಟ್ಟಗೆ ತೋರಿಸಿ, "ನಾವೀಗ ನಮ್ಮ ಶಾಲೆ ಮೇಲೆ ಇದೀವಿ. ಬೇಸಿಗೇಲಿ ನೀರು ಇಳಿದಾಗ ಬಾ, ಗೋಡೆ ತೋರಿಸ್ತೀನಿ. ನಾಲ್ಕು ಊರು ಇದ್ವು ಇಲ್ಲಿ" ಎಂದು ನಾಲ್ಕರ ಹೆಸರನ್ನೂ ಒಂದೊಂದಾಗಿ ಹೇಳಿದ. ಅವಳು ಬರೆದುಕೊಂಡಳು. ಮನೆಗೆ ಬಂದು ಜಲಾಶಯದ ಬೋರ್ಡಿಗೆ ಪ್ರೈಮರು ಹೊಡೆದು, ಬಿಳಿ ಬಣ್ಣ ಹೊಡೆದು, ಒಂದಕ್ಷರವೂ ಬರೆಯದೆ ಗೋಡೆಗೆ ಒರಗಿಸಿಟ್ಟಳು. ಆ ಊರುಗಳ ಹೆಸರನ್ನು ತನ್ನಷ್ಟಕ್ಕೆ ತಾನು ಬರೆದರೆ ನಾಳೆ ಯಾರೋ ಬಂದು ಅಳಿಸಿಬಿಡಬಹುದು. ಕಚೇರಿಯೇ ಒಪ್ಪಿ ಬರೆಸಬೇಕು, ಆಗ ನಿಲ್ಲುತ್ತದೆ. ಅಲ್ಲಿಯವರೆಗೆ ಬೋರ್ಡು ಖಾಲಿ ಇರಲಿ ಅಂದುಕೊಂಡಳು.

ಬೆಟ್ಟವೊಂದು ಉಳಿದಿತ್ತು. ಪಟ್ಟಿಯ ಪ್ರಕಾರ ಬೆಟ್ಟದ ನೆತ್ತಿಯಿಂದ ಇನ್ನೊಂದು ಮಗ್ಗುಲಿಗೆ ಜಲಾಶಯದವರೆಗೂ ಇಳಿಯುವ ಕಾಲುದಾರಿಯಿತ್ತು. 'ಎರಡು ಗಂಟೆಯ ಸುಗಮ ಇಳಿಜಾರು'. ಅತ್ತೆ ಇದನ್ನು ಕೇಳಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

"ಆ ದಾರೀಲಿ ನಾನು ಹುಡುಗಿ ಆಗಿದ್ದಾಗ ಕುರಿ ಹೊಡ್ಕೊಂಡು ಇಳಿದಿದೀನಿ, ನಿಜ. ಆದ್ರೆ ಹನ್ನೊಂದು ವರ್ಷದ ಹಿಂದೆ ಆ ದೊಡ್ಡ ಮಳೆ ಬಂತಲ್ಲ, ಆ ಮಗ್ಗುಲೇ ಕುಸಿದು ಹೋಯ್ತು ಕಣೇ. ಈಗ ಅಲ್ಲಿ ದಾರಿ ಇಲ್ಲ, ಗಾಳಿ ಇದೆ."

"ಕಚೇರಿಗೆ ಯಾರೂ ಹೇಳಲಿಲ್ವಾ ಅತ್ತೆ?"

"ಯಾರು ಕೇಳಿದ್ರು?"

ಅತ್ತೆಗೆ ಆಗ ಎಪ್ಪತ್ತು ದಾಟಿತ್ತು, ಮಂಡಿನೋವು. ಆದರೂ ಹಟ ಹಿಡಿದು ಕೋಲೂರಿಕೊಂಡು ಸೊಸೆಯ ಜೊತೆ ಬೆಟ್ಟ ಹತ್ತಿದಳು. ಮೇಲೆ ಹೋಗಿ ಬೋರ್ಡಕ್ಕ ನೋಡಿದಳು. ಕಾಲುದಾರಿ ಎಂದಿನಂತೆ ಹುಲ್ಲಿನ ನಡುವೆ ಮುಂದೆ ಹೋಗುತ್ತದೆ. ಸೊಂಟದೆತ್ತರದ ಹುಲ್ಲು ಅಂಚಿನವರೆಗೂ ಬೆಳೆದು ಆಚೆಯ ಪ್ರಪಾತವನ್ನು ಮುಚ್ಚಿಬಿಟ್ಟಿದೆ. ಅವಳು ಮನೆಗೆ ಬಂದವಳೇ, ಆದೇಶದಲ್ಲಿ ಇಲ್ಲದ ಮೂವತ್ತಮೂರನೆಯ ಬೋರ್ಡು ಮಾಡಿದಳು. ಬಿಳಿಯ ಮೇಲೆ ಕೆಂಪು ಅಕ್ಷರ, ಅಂಗೈ ಅಗಲದ್ದು: 'ಮುಂದೆ ದಾರಿ ಇಲ್ಲ. ಬೆಟ್ಟ ಕುಸಿದಿದೆ. ಬಂದ ದಾರಿಯಲ್ಲೇ ಹಿಂತಿರುಗಿ.' ಗಂಡ ಎರಡು ಕಬ್ಬಿಣದ ಪೈಪು ಹೊತ್ತು ತಂದ. ಕುರಿಯವರು ಗುಂಡಿ ತೋಡಿಕೊಟ್ಟರು. ಅಂಚಿನಿಂದ ಹತ್ತು ಹೆಜ್ಜೆ ಈಚೆಗೆ ದಾರಿಗೆ ಅಡ್ಡಲಾಗಿ ಅದನ್ನು ನಿಲ್ಲಿಸಿದರು.

ಇಷ್ಟರಲ್ಲಿ ಕಚೇರಿಯಲ್ಲಿ ಕೈಪುಸ್ತಕ ಬಿಡುಗಡೆ ಮಾಡುವ ಸಮಾರಂಭದ ದಿನ ನಿಗದಿಯಾಗಿ, ಅವಸರ ಹತ್ತಿ, ಕೈಪುಸ್ತಕವನ್ನು ಹಳೆಯ ಪಟ್ಟಿಯಿಂದಲೇ ಅಚ್ಚು ಹಾಕಿಸಿಬಿಟ್ಟಿದ್ದರು. ಬೋರ್ಡಕ್ಕ ತನ್ನ ಚೀಟಿಗಳನ್ನೆಲ್ಲ ಸೇರಿಸಿ ಗುಮಾಸ್ತನಿಗೆ ಎರಡು ಸಲ ಕೊಟ್ಟು ಬಂದಿದ್ದಳು. ಅವನು ಅವನ್ನು ಪಿನ್ನು ಹಾಕಿ ಫೈಲಿಗೆ ಸೇರಿಸಿದ್ದ. ಫೈಲಿಗೆ ಸೇರಿದ ಮೇಲೆ ತನ್ನ ಕೆಲಸ ಮುಗಿಯಿತು ಎಂದು ಅವನು ನಿಜವಾಗಿಯೂ ತಿಳಿದಿದ್ದ.

ಸಮಾರಂಭವಾಗಿ ಮೂರು ವಾರಕ್ಕೆ ನಗರದಿಂದ ಹದಿನಾಲ್ಕು ಜನ ನಿವೃತ್ತ ಮೇಷ್ಟರುಗಳ ತಂಡ ಬೆಟ್ಟ ಹತ್ತಲು ಬಂತು. ಎಲ್ಲರ ಕೈಯಲ್ಲೂ ಹೊಸ ಕೈಪುಸ್ತಕ. ನೆತ್ತಿಯವರೆಗೂ ಹಾಡುತ್ತ ಹೋದರು, ಆಚೆ ಇಳಿಯಲು ಹೊರಟರು. ಎದುರಿಗೆ ಕೆಂಪಕ್ಷರದ ಬೋರ್ಡು! ಕೆಳಗೆ ಜಲಾಶಯದ ದಡದಲ್ಲಿ ಅವರಿಗಾಗಿ ಬಸ್ಸು ಕಾಯುತ್ತಿತ್ತು. ಬೈಯುತ್ತ ಬಂದ ದಾರಿಯಲ್ಲೇ ವಾಪಸ್ ಇಳಿದು, ಸೀದಾ ಜಿಲ್ಲಾಧಿಕಾರಿಗೆ ಎರಡು ಪುಟದ ದೂರು ಬರೆದರು. ಸರ್ಕಾರದ ಪುಸ್ತಕದಲ್ಲಿರುವ ದಾರಿಗೆ ಯಾರೋ ಕಿಡಿಗೇಡಿಗಳು ಅಡ್ಡ ಬೋರ್ಡು ನಿಲ್ಲಿಸಿದ್ದಾರೆ, ಕೂಡಲೇ ಕಿತ್ತುಹಾಕಿಸಬೇಕು ಎಂದು. ಮೇಷ್ಟರುಗಳಲ್ಲವೇ, ಒಂದು ಕಾಗುಣಿತದ ತಪ್ಪೂ ಇರಲಿಲ್ಲ.

ಬೋರ್ಡಕ್ಕನಿಗೆ ಕರೆ ಬಂತು. ಗಂಡ ಅಪರೂಪಕ್ಕೆ ಬಾಯಿ ತೆರೆದ. "ತಪ್ಪಾಯ್ತು ಅಂತ ಹೇಳಿಬಿಡು. ಸರ್ಕಾರದ ಜೊತೆ ನಮಗ್ಯಾಕೆ?"

"ತಪ್ಪು ಯಾವುದು ಅಂತ ಹೇಳಲಿ? ಅಕ್ಷರ ಸೊಟ್ಟ ಇದೆಯಾ?" ಎಂದಳು. ಅವನು ಮೊಪೆಡ್ ಹೊರಗೆ ತೆಗೆದ. ಅತ್ತೆ ಕರೆಯದಿದ್ದರೂ ಹೊಸ ಸೀರೆ ಉಟ್ಟು ಸಿದ್ಧಳಾಗಿದ್ದಳು. ಅವಳನ್ನು ಬಿಟ್ಟು ಹೋಗುವ ಧೈರ್ಯ ಯಾರಿಗೂ ಇರಲಿಲ್ಲ.

ಮೇಡಂ ಮೇಜಿನ ಮೇಲೆ ಒಂದು ಕಡೆ ದೂರು, ಇನ್ನೊಂದು ಕಡೆ ಕೈಪುಸ್ತಕ ಇಟ್ಟುಕೊಂಡಿದ್ದರು. ಗುಮಾಸ್ತ ಪಕ್ಕದಲ್ಲಿ ನಿಂತಿದ್ದ.

"ಬೋರ್ಡು ನಿಲ್ಲಿಸಿದ್ದು ನೀವೇನಾ?"

"ಹೌದು ಮೇಡಂ."

"ಯಾರು ಹೇಳಿದ್ರು?"

"ಯಾರೂ ಹೇಳಲಿಲ್ಲ. ನೋಡಿದೆ, ಬರೆದೆ."

"ಪುಸ್ತಕದಲ್ಲಿ ದಾರಿ ಇದೆ ಅಂತಿದೆ. ನಿಮ್ಮ ಬೋರ್ಡು ಇಲ್ಲ ಅಂತಿದೆ. ನಾನು ಯಾವುದನ್ನ ನಂಬಲಿ?"

"ಪುಸ್ತಕ ಇಲ್ಲಿ ಕೂತು ಬರೆದದ್ದು ಮೇಡಂ. ಬೋರ್ಡು ಅಲ್ಲಿ ನಿಂತು ಬರೆದದ್ದು" ಎಂದಳು ಬೋರ್ಡಕ್ಕ. ಧ್ವನಿ ಏರಿಸಲಿಲ್ಲ, ತಗ್ಗಿಸಲೂ ಇಲ್ಲ.

ಗುಮಾಸ್ತ ಕೆಮ್ಮಿದ. "ಮೇಡಂ, ಮೂವತ್ತು ವರ್ಷದ ದಾಖಲೆ..."

ಅತ್ತೆಗೆ ತಡೆಯಲಾಗಲಿಲ್ಲ. "ಬಾ ತಾಯಿ, ತೋರಿಸ್ತೀನಿ" ಎಂದಳು ಜಿಲ್ಲಾಧಿಕಾರಿಗೆ. "ನನ್ನ ಮಂಡಿ ಹಾಳಾಗಿದೆ, ಆದರೂ ಬರ್ತೀನಿ. ನಿನ್ನ ಜೀಪು ಎಲ್ಲಿವರೆಗೆ ಹೋಗುತ್ತೋ ಹೋಗಲಿ, ಆಮೇಲೆ ನಡೆಯೋಣ. ಈ ಕೊಡೆಯಪ್ಪನೂ ಬರಲಿ."

ಜಿಲ್ಲಾಧಿಕಾರಿಯನ್ನು ಆ ಕೋಣೆಯಲ್ಲಿ ಏಕವಚನದಲ್ಲಿ ಮಾತಾಡಿಸಿದವರು ಹಿಂದೆ ಯಾರೂ ಇರಲಿಲ್ಲ. ಗುಮಾಸ್ತ ಕಂಕುಳಿನ ಕೊಡೆಯನ್ನು ಇನ್ನಷ್ಟು ಒತ್ತಿ ಹಿಡಿದ. ಮೇಡಂ ಮಾತ್ರ ಒಂದು ಗಳಿಗೆ ಮುದುಕಿಯ ಮುಖ ನೋಡಿ, "ನಾಳೆ ಬೆಳಿಗ್ಗೆ ಏಳು ಗಂಟೆಗೆ" ಎಂದರು.

ಮರುದಿನ ಆಕಾಶ ತಿಳಿಯಾಗಿತ್ತು. ಜೀಪು ಕುರಿಯವರ ಹಟ್ಟಿಯವರೆಗೆ ಹೋಯಿತು. ಅಲ್ಲಿಂದ ನಾಲ್ವರೂ ನಡೆದರು. ಮುಂದೆ ಅತ್ತೆ, ಹಿಂದೆ ಮೇಡಂ, ಅವರ ಹಿಂದೆ ಬೋರ್ಡಕ್ಕ, ಕೊನೆಯಲ್ಲಿ ಏದುಸಿರು ಬಿಡುತ್ತ ಗುಮಾಸ್ತ. ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ಕೂತ ಕಾಲು ಅವನದು. ಆದರೂ ಬೋರ್ಡಿನ ಹತ್ತಿರ ಬಂದ ಕೂಡಲೇ ಅವನಲ್ಲಿ ಎಲ್ಲಿಂದಲೋ ಹುರುಪು ಬಂತು. ಬೋರ್ಡಿನ ಆಚೆ ಹುಲ್ಲಿನ ನಡುವೆ ದಾರಿ ಸ್ಪಷ್ಟವಾಗಿ ಕಾಣುತ್ತಿತ್ತು.

"ಇಲ್ಲೇ ಇದೆಯಲ್ಲ ಮೇಡಂ ದಾರಿ! ನೋಡಿ, ನಾನೇ ತೋರಿಸ್ತೀನಿ" ಎಂದು ಬೋರ್ಡನ್ನು ಬಳಸಿಕೊಂಡು ಧಡಧಡನೆ ಮುಂದೆ ನಡೆದ.

"ನಿಲ್ಲಿ ಸಾರ್!" ಎಂದು ಬೋರ್ಡಕ್ಕ ಕೂಗಿದಳು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಆರು ಹೆಜ್ಜೆ, ಏಳು ಹೆಜ್ಜೆ. ಮಂಡಿನೋವಿನ ಮುದುಕಿ ಅಷ್ಟು ಚುರುಕಾಗಿ ಹೇಗೆ ಹೋದಳೋ! ಅಡ್ಡದಾರಿ ಹಿಡಿದ ಕುರಿಯನ್ನು ಎಳೆಯುವ ಹಾಗೆ ಕೋಲಿನ ಬಾಗಿದ ತುದಿಯನ್ನು ಅವನ ಕೊರಳಪಟ್ಟಿಗೆ ಸಿಕ್ಕಿಸಿ ಹಿಂದಕ್ಕೆ ಜಗ್ಗಿದಳು. ಗುಮಾಸ್ತ ಹುಲ್ಲಿನ ಮೇಲೆ ಅಂಗಾತ ಬಿದ್ದ. ಕಂಕುಳಿಂದ ಜಾರಿದ ಕೊಡೆ ಉರುಳುತ್ತ ಎರಡು ಮಾರು ಮುಂದೆ ಹೋಗಿ ಹುಲ್ಲಿನಲ್ಲಿ ಮರೆಯಾಯಿತು. ಅದು ನೆಲಕ್ಕೆ ಬಿದ್ದ ಸದ್ದಿಗಾಗಿ ನಾಲ್ವರೂ ಕಿವಿಗೊಟ್ಟರು. ಬಹಳ ಹೊತ್ತಿನ ಮೇಲೆ ಎಲ್ಲೋ ಪಾತಾಳದಲ್ಲಿ ಟಪ್ ಎಂದಿತು.

 ಬೋರ್ಡಕ್ಕ ಹೊಟ್ಟೆಯ ಮೇಲೆ ಮಲಗಿ, ತೆವಳಿಕೊಂಡು ಹೋಗಿ ಹುಲ್ಲನ್ನು ಎರಡೂ ಕೈಯಿಂದ ಸರಿಸಿ ಹಿಡಿದಳು. ಮೇಡಂ ಹಾಗೇ ಮಲಗಿ ಪಕ್ಕಕ್ಕೆ ಬಂದು ನೋಡಿದರು. ಬೆಟ್ಟದ ಅರ್ಧ ಭಾಗವೇ ಕತ್ತರಿಸಿದಂತೆ ಇಲ್ಲವಾಗಿತ್ತು. ಕೆಳಗೆ ಬಹಳ ಕೆಳಗೆ ಕೆಂಪು ಮಣ್ಣಿನ ರಾಶಿ, ಅದರಾಚೆ ಜಲಾಶಯದ ನೀರು. ಮೇಡಂ ಹಿಂದೆ ಸರಿದು, ಬೋರ್ಡಿನ ಬುಡದಲ್ಲಿ ಕೂತು, ಸ್ವಲ್ಪ ಹೊತ್ತು ಪೈಪನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಹದಿನಾಲ್ಕು ಜನ" ಎಂದರು ಕೊನೆಗೆ.

"ಹದಿನೈದು" ಎಂದ ಗುಮಾಸ್ತ, ಕೊರಳು ಸವರಿಕೊಳ್ಳುತ್ತ. ಆಮೇಲೆ ಬೋರ್ಡಕ್ಕನ ಕಡೆ ತಿರುಗಿದ.  "ಈ ಜಿಲ್ಲೆಯ ಇತಿಹಾಸ ನಾನು ಮೂರು ಸಲ ಟೈಪ್ ಮಾಡಿದೀನಿ ಬೋರ್ಡಕ್ಕ. ಈ ಬೆಟ್ಟ ನೋಡಿದ್ದು ಇವತ್ತೇ."

"ನಾನು ಜಲಪಾತ ನೋಡಿದ್ದೂ ಈ ವರ್ಷವೇ ಸಾರ್" ಎಂದಳು ಅವಳು. "ಏಳಿ, ಬುತ್ತಿ ಇದೆ."

ಪುಸ್ತಕವನ್ನು ಅದೇ ವಾರ ವಾಪಸ್ ತೆಗೆದುಕೊಂಡರು. ಹೊಸದನ್ನು ಬರೆಯುವ ಕೆಲಸ ಗುಮಾಸ್ತನಿಗೇ ಬಂತು, ಆದರೆ ಮೇಡಂ ಒಂದು ಕಟ್ಟಪ್ಪಣೆ ಮಾಡಿದರು: ಬೋರ್ಡಕ್ಕನ ಚೀಟಿಯಲ್ಲಿ ಇಲ್ಲದ ಒಂದು ಮಾತೂ ಇರಕೂಡದು. ಅವನು ದಿನಾ ಕಚೇರಿ ಬಿಟ್ಟ ಮೇಲೆ ತಗಡಿನ ಶೆಡ್ಡಿಗೆ ಬಂದು, ಡಬ್ಬಿ ಬೋರಲು ಹಾಕಿಕೊಂಡು ಕೂತು ಬರೆಯತೊಡಗಿದ. 'ನಯನಮನೋಹರ' ಎಂದು ಬರೆದರೆ ಅವಳು ಹೊಡೆದುಹಾಕಿಸುತ್ತಿದ್ದಳು. "ಅದು ಅವರು ನೋಡಿ ಹೇಳಲಿ. ನಾವು ಎಷ್ಟು ದೂರ, ಎಷ್ಟು ಹೊತ್ತು, ಯಾರ ಜಾಗ ಅಂತ ಹೇಳೋಣ." ಯಾವುದಾದರೂ ಜಾಗದ ಬಗ್ಗೆ ಅನುಮಾನ ಬಂದರೆ ಭಾನುವಾರ ಗಾಲಿ ತಳ್ಳಿಕೊಂಡು ಅವನೇ ಹೋಗಿ ಬರುತ್ತಿದ್ದ. ಅವನ ಹೆಂಡತಿ ಬಂದು, "ಮನೇಲಿ ಒಂದು ಲೋಟ ನೀರಿಗೂ ಎದ್ದೇಳ್ತಿರಲಿಲ್ಲ, ಏನು ಮದ್ದು ಹಾಕಿದ್ರಿ ಬೋರ್ಡಕ್ಕ" ಎಂದು ನಕ್ಕಳು. ಮೇಷ್ಟರುಗಳ ತಂಡ ಮತ್ತೆ ಬಂತು. ಕುರಿಯವರ ಹಟ್ಟಿಯಲ್ಲಿ ಅತ್ತೆಯ ಸುತ್ತ ಕೂತು, ಬೆಟ್ಟ ಕುಸಿದ ಕತೆಯನ್ನು ಮಕ್ಕಳಂತೆ ಕೇಳಿಸಿಕೊಂಡಿತು. ಅತ್ತೆ ಪ್ರತಿ ಸಲ ಹೇಳುವಾಗಲೂ ಗುಮಾಸ್ತ ಇನ್ನೊಂದು ಹೆಜ್ಜೆ ಮುಂದೆ ಹೋಗಿರುತ್ತಿದ್ದ.

ಬಸ್ಸುಗಳಿಂದ ಜನ ಇಳಿಯತೊಡಗಿದರು. ಹಿಂಡು ಹಿಂಡಾಗಿ ಅಲ್ಲ. ಇಬ್ಬರು, ಮೂವರು, ರಜದ ದಿನ ಹತ್ತು ಜನ. ಕಲ್ಲಿನವರ ಹೊಂಡದ ಕಟ್ಟೆಯ ಮೇಲೆ ಕೂತು ಬಂದರು, ಜಲಪಾತದ ತುಂತುರಲ್ಲಿ ನೆಂದು ಬಂದರು. ನಿಲ್ದಾಣದಲ್ಲಿ ಮುಂದಿನ ಬಸ್ಸಿಗೆ ಕಾಯುತ್ತ, "ಬೋರ್ಡಿನಲ್ಲಿ ಒಂದೂವರೆ ಗಂಟೆ ಅಂತಿತ್ತು, ಸರಿಯಾಗಿ ಒಂದೂವರೆ ಗಂಟೆ" ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಏಣಿಯ ಮೇಲಿದ್ದ ಬೋರ್ಡಕ್ಕನಿಗೆ ಅದು ಕೇಳಿದರೆ ಅವಳ ಬ್ರಷ್ಷು ಒಂದು ಕ್ಷಣ ನಿಂತು, ಮತ್ತೆ ಮುಂದೆ ಹೋಗುತ್ತಿತ್ತು.

ಜಲಾಶಯದ ಬೋರ್ಡಿನ ಮಾತು ಬಂದಾಗ ಗುಮಾಸ್ತನೇ ಹಳೆಯ ಕಡತಗಳನ್ನು ಜಾಲಾಡಿ, ಎಬ್ಬಿಸಿದ ಜನರ ಪಟ್ಟಿಯನ್ನು ಹುಡುಕಿ ತೆಗೆದು, ನಾಲ್ಕು ಊರೂ ಇದ್ದದ್ದು ನಿಜವೆಂದು ಮೇಡಂ ಮುಂದೆ ಇಟ್ಟ. ಅವರು ರುಜು ಹಾಕಿದರು. ಖಾಲಿ ಬೋರ್ಡನ್ನು ಮೊಪೆಡ್ಡಿನ ಮೇಲೆ ಸಾಗಿಸಿ, ದೋಣಿ ಹತ್ತುವ ಕಟ್ಟೆಯ ಪಕ್ಕದಲ್ಲಿ ನಿಲ್ಲಿಸಿ, ಅಲ್ಲೇ ಕೂತು ಬರೆಯಲು ಬೋರ್ಡಕ್ಕ ನಿರ್ಧರಿಸಿದಳು. ಬೆಳಿಗ್ಗೆ ಶುರು ಮಾಡಿದಾಗ ದೋಣಿಯವನು ಒಬ್ಬನೇ ಇದ್ದ. ಮೊದಲ ಹೆಸರು ಮುಗಿಯುವಷ್ಟರಲ್ಲಿ ಕಾಲೊನಿಯ ಅರ್ಧ ಜನ ಬಂದು ಹಿಂದೆ ನಿಂತಿದ್ದರು. ಒಬ್ಬೊಬ್ಬರೂ ತಮ್ಮ ಊರಿನ ಸಾಲು ಬಂದಾಗ ಮುಂದಕ್ಕೆ ಬಂದು, ಅಕ್ಷರ ಮೂಡುವುದನ್ನು ಉಸಿರು ಹಿಡಿದು ನೋಡಿದರು. ದೋಣಿಯವನು ತನ್ನ ಊರಿನ ಹೆಸರನ್ನು ಎರಡು ಸಲ ಗಟ್ಟಿಯಾಗಿ ಓದಿದ. ನಾಲ್ಕನೆಯ ಹೆಸರಿನ ಕೊನೆಯ ಅಕ್ಷರಕ್ಕೆ ಬಾಲ ಎಳೆದು ಅವಳು ಬ್ರಷ್ ಒರೆಸಿಕೊಳ್ಳುತ್ತಿದ್ದಾಗ ಹಿಂದಿನಿಂದ ಒಬ್ಬ ಹೆಂಗಸು ನೂಕಿಕೊಂಡು ಬಂದಳು.

"ನಮ್ಮದೆಲ್ಲಿ? ಹನ್ನೊಂದು ಮನೆ ಇತ್ತು ನಮ್ಮದು. ಸಣ್ಣದಾದ್ರೆ ಊರಲ್ವಾ?"

ಗುಮಾಸ್ತ ಪಟ್ಟಿ ತಿರುವಿದ. "ಇದರಲ್ಲಿ ನಾಲ್ಕೇ..." ಎಂದವನು ನಾಲಿಗೆ ಕಚ್ಚಿಕೊಂಡು ಪಟ್ಟಿಯನ್ನು ಮಡಚಿಬಿಟ್ಟ. ದೋಣಿಯವನು ಹಣೆ ಚಚ್ಚಿಕೊಂಡ. "ಹೌದು ಕಣಮ್ಮ, ದಿಬ್ಬದ ಆಚೆ ಮನೆಗಳು! ನಾನೇ ಮರೆತೆ."

ಎಲ್ಲರೂ ಬೋರ್ಡಿನ ಕಡೆ ನೋಡಿದರು. ಬೋರ್ಡು ತುಂಬಿಹೋಗಿತ್ತು, ಕೆಳಗೆ ಎರಡು ಬೆರಳು ಜಾಗವೂ ಇರಲಿಲ್ಲ. ಮೂಲೆಯಲ್ಲಿ ಸಣ್ಣದಾಗಿ ಬರೆದುಬಿಡಿ ಎಂದು ಯಾರೋ ಅಂದರು. ಬೋರ್ಡಕ್ಕ ತಲೆ ಅಲ್ಲಾಡಿಸಿ, ಆ ಹೆಂಗಸನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರಿನ ಹೆಸರನ್ನು ಅಕ್ಷರ ಅಕ್ಷರವಾಗಿ ಕೇಳಿ ಬರೆದುಕೊಂಡಳು. ಆಮೇಲೆ ಟರ್ಪೆಂಟೈನಿನಲ್ಲಿ ಬಟ್ಟೆ ಅದ್ದಿ, ಇನ್ನೂ ಹಸಿಯಾಗಿದ್ದ ನಾಲ್ಕೂ ಹೆಸರುಗಳನ್ನು ಒರೆಸಿ, ತಗಡು ಒಣಗಿಸಿ, ಸುಣ್ಣದ ದಾರವನ್ನು ಒಂದು ತುದಿ ದೋಣಿಯವನ ಕೈಗೆ, ಇನ್ನೊಂದು ತುದಿ ಆ ಹೆಂಗಸಿನ ಕೈಗೆ ಕೊಟ್ಟು, ಐದು ಸಮನಾದ ಸಾಲಿಗೆ ಗೆರೆ ಬಡಿದಳು.